ಸಾಹೇಬರ ಭಾಷಣ ಕದ್ದ ಕಳ್ಳ

ನಕಾಶೆ ಅಚ್ಚು ಹಾಕುವ ಕಚೇರಿಯ ಕಂಪ್ಯೂಟರುಗಳನ್ನು ಮೂವತ್ತು ವರ್ಷ ಸಾಕಿ ಸಲಹಿದವರನ್ನು ಎಲ್ಲರೂ ಸಿಸ್ಟಂ ಸಾಹೇಬರು ಎಂದೇ ಕರೆಯುತ್ತಿದ್ದರು. ಅಲ್ಲಿನ ಲಿನಕ್ಸ್ ಯಂತ್ರ ತಮ್ಮೊಬ್ಬರ ಮಾತು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲವೆಂದು ಅವರು ನಂಬಿದ್ದರು. ಅಮೂಲ್ಯವಾದದ್ದನ್ನು ಕಸದ ನಡುವೆ ಇಟ್ಟರೆ ಯಾರ ಕಣ್ಣೂ ಬೀಳದೆಂಬುದು ಅವರ ಇನ್ನೊಂದು ನಂಬಿಕೆ. ಅವರು ಬೀರುವಿನ ಕೀಲಿಯನ್ನು ಹಳೇ ಬೂಟಿನೊಳಗೆ ಇಟ್ಟಿದ್ದಾಗ ಹೆಂಡತಿ ಆ ಬೂಟನ್ನು ಗುಜರಿಗೆ ಹಾಕಿದ ಮೇಲೂ ಆ ನಂಬಿಕೆ ಅಲುಗಲಿಲ್ಲ.

ಹಾಗಾಗಿ ನಿವೃತ್ತಿಯ ದಿನ ಓದಬೇಕಾದ ನಲವತ್ತೆರಡು ಪುಟಗಳ ಭಾಷಣವನ್ನು ಅವರು ಇಟ್ಟದ್ದು, ಯಂತ್ರ ತನ್ನ ತಾತ್ಕಾಲಿಕ ಫೈಲುಗಳನ್ನು ಎಸೆಯುವ ‘ಟೆಂಪ್’ ಫೋಲ್ಡರಿನಲ್ಲಿ. ಇನ್ನು ಮುಟ್ಟಿದರೆ ಸೊಬಗು ಕೆಡುತ್ತದೆಂದು ಕೈಕಟ್ಟಿ ಕುಳಿತರು. ಎರಡು ವಾರ ಬಿಟ್ಟು ನೋಡಿದರೆ ಭಾಷಣ ಮಂಗಮಾಯ.

ಗುಮಾನಿ ನೆಟ್ಟಗೆ ಎದುರು ಮೇಜಿನ ಟೈಪಿಸ್ಟ್ ಅಕ್ಕನ ಮೇಲೆ ಹೋಯಿತು. ಮೂವತ್ತೊಂದನೇ ಪುಟದಲ್ಲಿ ಆಕೆಯ ತಪ್ಪುಗಳ ಪಟ್ಟಿಯಿತ್ತು. ಮತ್ತೆ ಬರೆಯಿರಿ ಎಂದು ಹೆಂಡತಿ ಗೋಗರೆದರೆ, ಕಳ್ಳ ಸಿಕ್ಕರೆ ಮಾಲೂ ಸಿಗುತ್ತದೆ ಎಂದುಬಿಟ್ಟರು. ಅದೇ ಫೋಲ್ಡರಿಗೆ ‘ಪರಮರಹಸ್ಯ’ ಎಂಬ ಫೈಲನ್ನು ಗಾಳವಾಗಿ ಬಿಟ್ಟು, ದಿನಕ್ಕೆ ಹತ್ತು ಸಲ ತೆರೆದು ನೋಡಿದರು. ಹದಿನೈದು ದಿನ ಕಳೆದರೂ ಅದು ಬಂಡೆಯಂತೆ ಅಲ್ಲೇ ಇತ್ತು. ಕಳ್ಳ ಹೆದರಿದ್ದಾನೆ ಎಂದು ಸಾಹೇಬರು ಮೀಸೆ ತಿರುವಿದರು.

ಬೀಳ್ಕೊಡುಗೆಯ ಬೆಳಗ್ಗೆ ಟೈಪಿಸ್ಟ್ ಅಕ್ಕ ಭಾಷಣದ ಪ್ರತಿ ಕೇಳಲು ಬಂದರು. ಬೇರೆ ದಾರಿ ಕಾಣದೆ ಸಾಹೇಬರು ಕಳ್ಳತನದ ಕಥೆ ಬಿಚ್ಚಿದರು. ಅಕ್ಕ ಕುರ್ಚಿ ಎಳೆದುಕೊಂಡು ಯಂತ್ರಕ್ಕೆ ಬರೆದಿಟ್ಟಿದ್ದ ಹಳೇ ಅಪ್ಪಣೆಗಳನ್ನೆಲ್ಲ ಒಂದೊಂದಾಗಿ ಓದುತ್ತಾ ಹೋದರು.

“ಸಾಹೇಬ್ರೇ, ಹತ್ತು ದಿನ ಯಾರೂ ಮುಟ್ಟದ ಫೈಲನ್ನ ಗುಡಿಸಿ ಹಾಕು ಅಂತ ಯಾರೋ ಬರೆದಿಟ್ಟಿದ್ದಾರೆ. ಕೆಳಗೆ ಹೆಸರೂ ಇದೆ, ನೋಡಿ.”

ಹೆಸರು ಸಾಹೇಬರದೇ. ಆರು ವರ್ಷದ ಹಿಂದೆ ಡಿಸ್ಕ್ ತುಂಬಿ ಅಚ್ಚು ನಿಂತುಹೋದಾಗ ಬರೆದದ್ದು. ಜೊತೆಗೆ ಒಂದು ಷರಾ ಬೇರೆ: ‘ಇಲ್ಲಿ ಬೆಲೆಬಾಳುವುದನ್ನು ಇಡುವವನು ಮೂರ್ಖ.’

“ಹಾಗಾದ್ರೆ ನನ್ನ ಗಾಳ ಯಾಕೆ ಹೋಗಲಿಲ್ಲ?” ಸಾಹೇಬರ ದನಿ ಇಳಿದಿತ್ತು.

“ದಿನಾ ತೆರೆದು ನೋಡ್ತಿದ್ರಲ್ಲ. ಯಾರಿಗೋ ಬೇಕಾಗಿರೋ ಫೈಲು ಅನ್ಕೊಂಡು ಯಂತ್ರ ಅದನ್ನ ಹಾಗೇ ಬಿಟ್ಟಿದೆ, ಪಾಪ.”

ಸಂಜೆ ವೇದಿಕೆಯ ಮೇಲೆ ಸಾಹೇಬರ ಕೈಯಲ್ಲಿದ್ದದ್ದು ಗಾಳವಾಗಿ ಬಿಟ್ಟಿದ್ದ ಆ ‘ಪರಮರಹಸ್ಯ’ ಫೈಲಿನ ಒಂದೇ ಸಾಲಿನ ಪ್ರತಿ. ಕನ್ನಡಕ ಸರಿಮಾಡಿಕೊಂಡು ಓದಿದರು: “ಕಳ್ಳನೇ, ನೀನು ಯಾರೆಂದು ನನಗೆ ಗೊತ್ತು.” ಸಭೆ ಬೆಪ್ಪಾಗಿ ನೋಡಿತು. ತುಸು ಕೆಮ್ಮಿ, “ಅದು ನಾನೇ” ಎಂದು ಸೇರಿಸಿ ಕುಳಿತುಬಿಟ್ಟರು.

ಮೂವತ್ತು ವರ್ಷದಲ್ಲಿ ಅವರ ಮಾತಿಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಟೈಪಿಸ್ಟ್ ಅಕ್ಕ. ಮೂವತ್ತೊಂದನೇ ಪುಟದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.