ಶನಿವಾರದ ನಾಟಕಕ್ಕೆ ನನ್ನ ಕನ್ನಡ

ನಮ್ಮತ್ತೆ ಮಂಡ್ಯದಿಂದ ಅಮೆರಿಕದ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಎಂಬತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ಮನೆಗೆ ಬಂದ ಕನ್ನಡದವರಿಗೆಲ್ಲ ಅವರು ಹೇಳುತ್ತಿದ್ದ ಮೊದಲ ಮಾತು, "ನಮ್ ಸೊಸೆ ಇಂಗ್ಲೀಸ್ನಲ್ಲೇ ಎಮ್ಮೆ ಮಾಡವ್ಳೆ." ಎಂ.ಎ. ಎಂಬುದು ಅವರ ಬಾಯಲ್ಲಿ ಹಾಗಾಗುತ್ತಿತ್ತು. ನಾನು ಒಳಗೊಳಗೇ ನಗುತ್ತಿದ್ದೆ, ಆದರೆ ಅದರಿಂದ ಬಂದ ಹೆಮ್ಮೆಯನ್ನು ಬಿಟ್ಟುಕೊಡುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನವೂ ನನ್ನ ಗಂಡ ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿಬಿಡುತ್ತಿದ್ದರು. ಆ ಹೊತ್ತಿಗೆ ಟಿ.ವಿ.ಯಲ್ಲಿ ಮೂವತ್ತು ವರ್ಷ ಹಳೆಯ ಕಪ್ಪು-ಬಿಳುಪು ನಾಟಕಗಳನ್ನು ಮತ್ತೆ ಹಾಕುತ್ತಿದ್ದರು. ಟಿ.ವಿ. ಹೊಸದಾಗಿದ್ದ ಕಾಲದಲ್ಲಿ ಸ್ಟುಡಿಯೋದಲ್ಲಿ ಆಡುತ್ತಿರುವಾಗಲೇ ಮನೆಮನೆಗೂ ತೋರಿಸಿದ ನಾಟಕಗಳಂತೆ. ಧಾರಾವಾಹಿಯಲ್ಲ, ವಾರಕ್ಕೊಂದು ಕತೆ, ಪ್ರತಿಸಲವೂ ಬೇರೆ ಜನ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಗೋಡೆಯೇ ಅಲ್ಲಾಡುತ್ತಿತ್ತು. "ನಮ್ಮ ಕಂಪ್ನಿ ನಾಟಕದಂಗೇ ಅದೆ ಕಣವ್ವ," ಎಂದು ಅತ್ತೆ ಖುಷಿಯಿಂದ ಸೋಫಾದ ಮೇಲೆ ಕಾಲು ಮಡಚಿ ಕೂತರು. "ಏನಂತಾವ್ರೆ, ಹೇಳು."

ಹೇಳುವುದೇನು, ನನಗೇ ಅರ್ಥವಾಗುತ್ತಿರಲಿಲ್ಲ. ಮೈಸೂರಿನಲ್ಲಿ ನಾನು ಕಲಿತ ಇಂಗ್ಲಿಷು ಪುಸ್ತಕದಲ್ಲಿ ತೆಪ್ಪಗೆ ಕೂತಿರುತ್ತಿತ್ತು. ಇವರದು ಮೂಗಿನಲ್ಲಿ ಹುಟ್ಟಿ ಗಂಟಲಲ್ಲೇ ಸಾಯುತ್ತಿತ್ತು. ಗ್ರೋಸರಿ ತರುವಷ್ಟಕ್ಕೆ ಹೇಗೋ ನಡೆಯುತ್ತಿತ್ತು, ನಾಟಕಕ್ಕೆ ನಡೆಯಲಿಲ್ಲ. ಹಳೇ ಪ್ರೋಗ್ರಾಮು, ಸೌಂಡು ಸರಿಯಿಲ್ಲ ಎಂದೆ ಒಂದು ಸಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಎಮ್ಮೆ ಮಾಡಿದ ಸೊಸೆ ಅರ್ಥವಾಗಲಿಲ್ಲ ಅನ್ನುವುದಾದರೂ ಹೇಗೆ? ಮುಖಗಳನ್ನು ನೋಡಿಕೊಂಡು ನಾನೇ ಕತೆ ಕಟ್ಟತೊಡಗಿದೆ.

ಕತೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಬಿಳಿ ಕೂದಲಿನ ಹೆಂಗಸು ಒಳಗೆ ಬಂದರೆ, "ಮಗನಿಗೆ ಚಾಡಿ ಹೇಳೋಕೆ ಬಂದ್ಲು," ಎನ್ನುತ್ತಿದ್ದೆ. ಹುಡುಗಿ ಅತ್ತರೆ, "ಮಾಡಿದ ಅಡಿಗೆಗೆಲ್ಲ ಅತ್ತೆ ಹೆಸರಿಡ್ತಾಳಂತೆ." ಅತ್ತೆ ಕಣ್ಣು ಕೀಳದೆ ನೋಡುತ್ತ ಕೇಳುತ್ತಿದ್ದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈ ದೇಸದಲ್ಲೂ ಹಂಗೇಯಾ!" ಎಂದು ಕೊನೆಗೆ ನಿಟ್ಟುಸಿರು ಬಿಡುತ್ತಿದ್ದರು.

ಒಂದು ಶನಿವಾರ ಆರು ವರ್ಷದ ನನ್ನ ಮಗಳೂ ಆಡಲು ಹೋಗದೆ ಮನೆಯಲ್ಲಿದ್ದಳು. ಅತ್ತೆ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ನಾಟಕದಲ್ಲಿ ಹುಡುಗಿಯೊಬ್ಬಳು ಮಲಗಿದ್ದಳು, ಮುದುಕಿ ಪಕ್ಕದಲ್ಲಿ ಕೂತು ಚಮಚದಲ್ಲಿ ಏನೋ ಕುಡಿಸುತ್ತಿದ್ದಳು.

"ಸೊಸೆಗೆ ಮದ್ದು ಹಾಕ್ತಿದಾಳೆ," ಎಂದೆ. ನಮ್ಮ ಕಡೆ ಮದ್ದು ಹಾಕುವುದೆಂದರೆ ಏನೆಂದು ಅತ್ತೆಗೆ ಬಿಡಿಸಿ ಹೇಳಬೇಕಿರಲಿಲ್ಲ. "ಅಯ್ಯಯ್ಯೋ, ವಿಸವಾ!" ಎಂದು ಬಾಚಣಿಗೆ ಹಿಡಿದ ಕೈ ನಿಲ್ಲಿಸಿದರು.

ಮಗಳು ತಲೆ ಕೊಡವಿದಳು. "ದಟ್ಸ್ ನಾಟ್ ವಾಟ್ ಶಿ ಸೆಡ್, ಅಮ್ಮ!"

"ಏನಂತದೆ ಮಗ?" ಅತ್ತೆ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ತನಗೆ ಬರುವಷ್ಟು ಕನ್ನಡವನ್ನೆಲ್ಲ ಕೂಡಿಸಿ ಅಜ್ಜಿಗೆ ಹೇಳಿದಳು. "ಆ ಅಜ್ಜಿ ಒಳ್ಳೇದು. ಅವಳಿಗೆ ಜ್ವರ. ಅಜ್ಜಿ ಮೆಡಿಸಿನ್ ಕೊಡ್ತು. ಅಮ್ಮ ಸುಳ್ಳು."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನಮ್ಮದು ಮಹಡಿ ಮೇಲಿನ ಮನೆ, ನುಂಗಿದ್ದರೂ ಕೆಳಗಿನವರ ಅಡಿಗೆಮನೆಗೆ ಬೀಳುತ್ತಿದ್ದೆ ಅಷ್ಟೆ. "ಇವ್ರ ಇಂಗ್ಲಿಷು ನಂಗೆ ಅರ್ಥ ಆಗಲ್ಲ ಅತ್ತೆ," ಎಂದು ಒಪ್ಪಿಕೊಂಡೆ. ಹೋದ ಮರ್ಯಾದೆ ಇಷ್ಟೇ ಎಂದುಕೊಂಡಿದ್ದೆ.

"ಬರದಿದ್ರೆ ಬುಡು, ನಂಗೇನ್ ಬತ್ತದಾ?" ಎಂದರು ಅತ್ತೆ. ಮೊಮ್ಮಗಳ ಜಡೆ ಹೆಣೆದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗದೆ, ಮೆಲ್ಲಗೆ, "ವಾರವಾರ ಬ್ಯಾರೆ ಕತೆ, ಬ್ಯಾರೆ ಜನ ಅಂದ್ಯಲ್ಲವ್ವ. ನಿನ್ ಕತೇಲಿ ಮುದುಕಿ ಮಾತ್ರ ಯಾವಾಗ್ಲೂ ಅವ್ಳೇ ಬತ್ತಿದ್ಲು."

ನನಗೆ ತಲೆ ಎತ್ತಲಾಗಲಿಲ್ಲ. ಅಂಥ ನಾಚಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಟಿ.ವಿ. ಆರಿಸಿಬಿಡೋಣವೆಂದು ಎದ್ದೆ.

"ಇರ್ಲಿ, ಕುಂತ್ಕೊ," ಎಂದರು ಅತ್ತೆ. "ಆ ಹುಡ್ಗಿ ಹುಸಾರಾಯ್ತಳಾ ನೋಡಾನ."