ತೂತುಗಳ ಗುರುತಿದ್ದ ಟೋಪಿ

ಮೈಸೂರು ರಸ್ತೆಯ ಇಕ್ಕೆಲಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಎರಡು ಸಾವಿರದ ದಶಕದಲ್ಲಿ ನಾನು ಟೋಪಿಗಳ ಬೆನ್ನು ಹತ್ತಿದ್ದೆ. ಹಳೆಯ ಕಂಪ್ಯೂಟರ್ ಕಂಪನಿಗಳು ತಮ್ಮ ಗುರುತು ಹೊಲಿಸಿ ಉಚಿತವಾಗಿ ಹಂಚಿದ್ದ ಟೋಪಿಗಳವು. ಎಷ್ಟೋ ಕಂಪನಿಗಳು ಮುಚ್ಚಿಹೋಗಿದ್ದವು. ಅವುಗಳ ಟೋಪಿಗಳು ಮಾತ್ರ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತರ ತಲೆಯ ಮೇಲೆ ಇನ್ನೂ ದುಡಿಯುತ್ತಿದ್ದವು. ಒಂದರ ಮೇಲೆ ಟೇಪಿನ ಸುರುಳಿಯ ಚಿತ್ರ, ಇನ್ನೊಂದರ ಮೇಲೆ ಫ್ಲಾಪಿಯದು. ಒಂದು ಯುಗದ ಇತಿಹಾಸವೇ ಗುಂಪಿನಲ್ಲಿ ನಡೆದುಹೋಗುತ್ತಿದೆಯೆಂದು ನನ್ನ ಎದೆ ಕುಣಿಯುತ್ತಿತ್ತು. ಬೇಡಿ, ಕಾಡಿ, ಹೊಸ ಟೋಪಿ ಕೊಟ್ಟು ಒಂಬತ್ತನ್ನು ಸಂಗ್ರಹಿಸಿದೆ.

ಕನಕಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಗ ಶನಿವಾರಗಳಂದು ಕಂಪ್ಯೂಟರ್ ಕಲಿಸುತ್ತಿದ್ದೆ. ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿಯನ್ನು ಅವಳ ತಾಯಿ ಈ ತರಗತಿಯಿಂದ ಬಿಡಿಸಲು ನಿರ್ಧರಿಸಿದ್ದರು. ಮನೆಯಲ್ಲಿ ರೇಷ್ಮೆಮಗ್ಗ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಮಗಳು ಬೇಕು. ಆ ತಾಯಿಯನ್ನು ಕಂಪ್ಯೂಟರ್ ಕೋಣೆಗೆ ಕರೆಸಿದೆ. ಅವರ ಮನಸ್ಸನ್ನು ತಿರುಗಿಸಲೇಬೇಕೆಂದು ಟೋಪಿಗಳನ್ನು ಬೆಂಚಿನ ಮೇಲೆ ಕಾಲಕ್ರಮದಲ್ಲಿ ಜೋಡಿಸಿ, ಚರ್ಚಾಸ್ಪರ್ಧೆಗೆಂಬಂತೆ ವಾದ ಸಿದ್ಧಪಡಿಸಿಕೊಂಡೆ: ಇದು ಹೊರಗಿನಿಂದ ಬಂದ ಹೊಸ ಶಕ್ತಿ, ನಾವು ಹಿಂದುಳಿಯಬಾರದು.

ನಾನು ಬಾಯಿ ತೆರೆಯುವ ಮುನ್ನವೇ ಆಕೆ ಮೊದಲ ಟೋಪಿಯನ್ನು ಎತ್ತಿಕೊಂಡರು. ಅದರ ಮೇಲಿದ್ದುದು ಸಾಲುಸಾಲು ತೂತುಗಳ ಒಂದು ರಟ್ಟಿನ ಚಿತ್ರ.

“ಇದ್ಯಾವ ಮಗ್ಗದ ಕಂಪನೀದು ಸಾರ್?”

“ಮಗ್ಗದ್ದಲ್ಲಮ್ಮ, ಕಂಪ್ಯೂಟರಿನದು. ಆಗೆಲ್ಲ ರಟ್ಟಿನ ತೂತುಗಳಿಂದಲೇ ಯಂತ್ರಕ್ಕೆ ಆಜ್ಞೆ ಕೊಡುತ್ತಿದ್ದರು.”

“ನಮ್ಮನೇಲೂ ಅಂಗೇ ಅಲ್ವಾ? ಮಗ್ಗದ ಮ್ಯಾಲೆ ರಟ್ಟು ನೇತಾಕೈತೆ. ತೂತಿದ್ರೆ ಎಳೆ ಮೇಲಕ್ಕೆ, ಇಲ್ದಿದ್ರೆ ಇಲ್ಲ. ಸೆರಗ್ನಾಗೆ ನವಿಲು ಬೀಳೋದು ಅದ್ರಿಂದ್ಲೇಯ. ನಿಮ್ ಕಾಲೇಜ್ನಾಗೆ ಏಳ್ಕೊಡ್ಲಿಲ್ವಾ?”

“ಅವ್ವಾ, ಸಾರ್‌ಗೇ ಪಾಠ ಮಾಡ್ತೀಯಲ್ಲ!” ಮಗಳು ಕಿಸಕ್ಕನೆ ನಕ್ಕಳು.

ಪುಸ್ತಕದಲ್ಲೆಲ್ಲೋ ಒಂದು ಸಾಲಿನಲ್ಲಿ ನಾನು ಓದಿ ದಾಟಿದ್ದ ಸತ್ಯವದು. ಮಗ್ಗದ ರಟ್ಟು ಮೊದಲು, ಕಂಪ್ಯೂಟರಿನ ರಟ್ಟು ಆಮೇಲೆ. ನನ್ನ ವಾದ ಬುಡಸಮೇತ ಬಿದ್ದಿತ್ತು. ಎದುರಾಳಿಯೇ ಅದಕ್ಕಿಂತ ಗಟ್ಟಿಯಾದ ವಾದವನ್ನು ನನ್ನ ಕೈಗಿತ್ತಿದ್ದರು. ಸೋತು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

“ನೀವು ಹೇಳಿದ್ದೇ ಸರಿಯಮ್ಮ! ಮಗ್ಗ ಅಜ್ಜಿ, ಇದು ಮೊಮ್ಮಗಳು!” ಎಂದು ಕೂಗಿಯೇಬಿಟ್ಟೆ.

ಆಕೆ ಪರದೆಯತ್ತ ತಿರುಗಿದರು. “ಅಂಗಾರೆ ಸೆರಗಿನ ನಕ್ಷೆ ಇದ್ರಾಗೆ ಬರಿಯಾಕಾಯ್ತದಾ?”

ಮಗಳು ತಟ್ಟನೆ ಕುಳಿತು, ಪರದೆಯ ಮೇಲಿನ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತ ಮಾವಿನಕಾಯಿ ಮೂಡಿಸತೊಡಗಿದಳು. ತಾಯಿ ಬಗ್ಗಿ ನೋಡಿ, ಬೆರಳಿಟ್ಟು ಗದರಿದರು: “ಏಯ್, ಇಲ್ಲೊಂದು ಮನೆ ತಪ್ಪೈತೆ ನೋಡು, ಸೀರೆ ಕೆಡ್ತದೆ.” ಅವಳು ತಿದ್ದಿದಳು. ಮಗ್ಗದಲ್ಲಿನಂತೆ ನೂಲು ಕತ್ತರಿಸಬೇಕಿಲ್ಲ, ಬಿಚ್ಚಬೇಕಿಲ್ಲ. ತಾಯಿ ತಿದ್ದಿದ ಸಾಲಿನ ಚೌಕಗಳನ್ನು ಬೆರಳಿಟ್ಟು ಎಣಿಸಿದರು.

“ಶನಿವಾರ ಮಗ್ಗ ನಿಲ್ಲಿಸ್ತೀನಿ,” ಎಂದರು ಕೊನೆಗೆ. “ಇವ್ಳ ಪಕ್ಕ ಇನ್ನೊಂದು ಕುರ್ಚಿ ಆಕ್ಸಿ ಸಾರ್. ನಾನೂ ಬತ್ತೀನಿ.”