ತೋಳಿನೊಳಗೆ ಸುತ್ತಿಟ್ಟ ತುಂಡು

ಪೂರಿಗಾಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕರೆಂಟೂ ಇಲ್ಲ. ಮಂಗಳಮ್ಮ ಜಗುಲಿಯ ಮೇಲೆ ಮೇಣದಬತ್ತಿ ಹಚ್ಚಿಟ್ಟುಕೊಂಡು ಹೊಲಿಗೆ ಮಷೀನು ತುಳಿಯುತ್ತಿದ್ದಾರೆ. ಪಕ್ಕದಲ್ಲಿ ಬಣ್ಣಬಣ್ಣದ ತುಂಡುಬಟ್ಟೆಗಳ ಗುಡ್ಡೆ. ಮೊದಲ ಬಸ್ಸು ಬರುವುದರೊಳಗೆ ಒಂದು ಮಫ್ಲರ್ ಮುಗಿಯಬೇಕು.

ಅದು ಹೊನ್ನಯ್ಯನವರ ಮಗಳು ಕುಸುಮಳಿಗೆ. ತವರಿನಲ್ಲಿ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಕೆರಗೋಡಿನ ಗಂಡನ ಮನೆಗೆ ಹೊರಟಿದ್ದಾಳೆ. ಶೂನ್ಯಮಾಸ ಕಳೆಯಲಿ ಎಂದು ಕಾದಿದ್ದವರು, ರಾಹುಕಾಲಕ್ಕೆ ಮುಂಚೆ ಹೊಸ್ತಿಲು ದಾಟಬೇಕು ಎಂದು ನಿನ್ನೆ ಸಂಜೆಯಷ್ಟೇ ಗೊತ್ತುಮಾಡಿದರು. ಹೊರಗೆ ಮಾಗಿಯ ಚಳಿ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದು. ಈ ಊರಿನಿಂದ ಹೀಗೆ ಹೊರಡುವ ಹೆಣ್ಣುಮಕ್ಕಳಿಗೆಲ್ಲ ತೇಪೆ ಜೋಡಿಸಿದ ಮಫ್ಲರ್ ಒಂದು ಮಂಗಳಮ್ಮನ ಉಡುಗೊರೆ. ಯಾರೂ ಕೇಳಿ ಪಡೆದದ್ದಲ್ಲ.

"ಅಂಗ್ಡೀಲಿ ಉಣ್ಣೇದು ಸಿಗ್ತದೆ ಕಣಣ್ಣ. ಅದು ಚುಚ್ತದೆ, ಕೂಸಿನ ಕೆನ್ನೆಗೆ ತಾಕ್ತದೆ. ಇದ್ರೊಳಗೆ ನಮ್ಮತ್ತೆ ಅಳೇ ಸೀರೆ ಎಲ್ಡು ಮಡಿಕೆ ಅದೆ. ಬೆಚ್ಗೂ ಇರ್ತದೆ, ಮೆತ್ಗೂ ಇರ್ತದೆ" ಎಂದು ಪಕ್ಕದಲ್ಲಿ ಕುಳಿತ ನನಗೆ ಹೇಳುತ್ತಾರೆ, ಕಾಲು ನಿಲ್ಲಿಸದೆ.

ಅಂಗೈಯಗಲದ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಪಟ್ಟಿ ಮಾಡುತ್ತಾರೆ. ಮಡಿಸಿದ ಸೀರೆಯನ್ನು ಅದಕ್ಕೆ ಕೂಡಿಸಿ, ಒಳಮೈ ಹೊರಗಿಟ್ಟು ಅಂಚು ಹೊಲಿದು, ಬಿಟ್ಟಿದ್ದ ಬಾಯಿಂದ ದಿಂಬಿನ ಚೀಲದ ಹಾಗೆ ತಿರುವಿಬಿಡುತ್ತಾರೆ. ಬಾಯಿ ಮುಚ್ಚಿ ಉದ್ದಕ್ಕೆ ನಾಲ್ಕು ಗೆರೆ ಹೊಲಿಗೆ ಓಡಿಸಿದರೆ ಆಯಿತು. ಕಾಫಿ ಕಾಯಿಸಿ ಕುಡಿಯುವಷ್ಟು ಹೊತ್ತಿನ ಕೆಲಸ ಎಂದು ಅವರೇ ನಗುತ್ತಾರೆ. ಹೊಟ್ಟೆಪಾಡಿನ ಕೆಲಸ ಬೇರೆ: ದಿನಕ್ಕೆ ಎರಡೋ ಮೂರೋ ರವಿಕೆ. ಮದುವೆ ಕಾಲದಲ್ಲಿ ಇನ್ನೂ ಹೆಚ್ಚು. ಆಗ ಸೊಂಟ ಹಿಡಿದುಕೊಂಡೇ ಏಳುತ್ತಾರೆ.

ಮಷೀನು ಅವರ ಅಪ್ಪ ಕೆಂಪಯ್ಯನವರದು. ಅವರ ಕೈಯಲ್ಲಿ ಹೊಲಿಸಿದ ಅಂಗಿ ನಾನೂ ತೊಟ್ಟಿದ್ದೇನೆ, ಚೊಕ್ಕ ಕೈ. ಮಿಕ್ಕ ಬಟ್ಟೆ ಇಟ್ಟುಕೊಳ್ಳುತ್ತಾನೆ ಎಂದು ಟೀ ಅಂಗಡಿಯಲ್ಲಿ ಯಾರೋ ಆಡಿದ ಮಾತು ಊರೆಲ್ಲ ಸುತ್ತಿತು. ಜಗಳಕ್ಕೆ ಯಾರೂ ಬರಲಿಲ್ಲ. ಬಟ್ಟೆ ತರುವುದನ್ನು ಬಿಟ್ಟರು, ಅಷ್ಟೆ. ಕೆಂಪಯ್ಯ ಮಳವಳ್ಳಿಗೆ ಹೋಗಿ, ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಲೇ ಮುದುಕರಾದರು.

ಅದಕ್ಕೇ ಮಂಗಳಮ್ಮನದೊಂದು ಕಟ್ಟುನಿಟ್ಟು. ರವಿಕೆ ಹೊಲಿದಾದ ಮೇಲೆ ಮಿಕ್ಕ ತುಂಡನ್ನು ಅದರ ತೋಳಿನೊಳಗೇ ಸುತ್ತಿಟ್ಟು ವಾಪಸು ಕೊಡುತ್ತಾರೆ. "ನೀನೇ ಇಟ್ಕೊ" ಎಂದು ಬಾಯಿಬಿಟ್ಟು ಹೇಳಿದವರದು ಮಾತ್ರ ಗೋಡೆಗೆ ನೇತುಹಾಕಿದ ಚೀಲಕ್ಕೆ. ಮಫ್ಲರುಗಳೆಲ್ಲ ಆ ಚೀಲದಿಂದಲೇ ಆಗುವುದು.

ಮಫ್ಲರ್ ಕಟ್ಟಿಕೊಂಡು ಕುಸುಮ ಬಸ್ಸಿನ ಕಡೆ ನಡೆದಿದ್ದಾಳೆ. ಈಗ ಬೆಳಕಾಗಿದೆ. ಜಗುಲಿ ಗುಡಿಸುತ್ತಿದ್ದ ಮಂಗಳಮ್ಮ ತಟ್ಟನೆ ನಿಲ್ಲುತ್ತಾರೆ. ಪೊರಕೆಯ ತುದಿಯಲ್ಲಿ ಗಿಳಿಹಸಿರಿನ ಒಂದು ಚೂರು.

"ಅಯ್ಯೋ ಸಿವನೇ, ಟೀಚರಮ್ಮಂದು!"

ಟೀಚರಮ್ಮ ಎಂದರೆ ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಚೂಡಾಮಣಿ. ಅವರ ರವಿಕೆ ಮುಗಿದಿತ್ತು. ಮಿಕ್ಕ ತುಂಡನ್ನು ತೋಳಿಗೆ ಸೇರಿಸುವುದೊಂದು ಬಾಕಿ ಇತ್ತು. ಕತ್ತಲಲ್ಲಿ ಅದೂ ಗುಡ್ಡೆಗೆ ಬಿದ್ದು ಮಫ್ಲರಿಗೆ ಹೋಗಿದೆ. ಚೂಡಾಮಣಿ ಅದೇ ಬಸ್ಸಿಗೆ ಹೊರಟವರು. ರವಿಕೆಯನ್ನು ಬಸ್ ಸ್ಟಾಪಿಗೇ ತಂದುಕೊಡು ಎಂದಿದ್ದಾರೆ.

"ನಮ್ಮಪ್ಪನ ಎಸ್ರಿನ ಜೊತೆ ನನ್ನೆಸ್ರೂ ಓಯ್ತು ಬುಡಣ್ಣ" ಎಂದವರೇ ಒಂದು ಕೈಯಲ್ಲಿ ರವಿಕೆ, ಇನ್ನೊಂದರಲ್ಲಿ ಕತ್ತರಿ ಹಿಡಿದು ಓಡುತ್ತಾರೆ. ಹಿಂದೆ ನಾನು, ನನ್ನ ಕಾಲಿಗೆ ಆದಷ್ಟು.

ಬಸ್ ಸ್ಟಾಪಿನಲ್ಲಿ ಚೂಡಾಮಣಿ ಆಗಲೇ ಕುಸುಮಳ ಕಿವಿಯನ್ನೇ ನೋಡುತ್ತಿದ್ದಾರೆ. "ಇದು ನನ್ನ ರವಿಕೆ ಬಟ್ಟೆ ಅಲ್ವೇನೆ, ಮಂಗಳ?"

"ಊಂ ಕಣ್ರವ್ವ, ನಿಮ್ದೇಯ. ಕತ್ಲಲ್ಲಿ ಕೈ ತಪ್ತು. ಕದೀನಿಲ್ಲ ನಾನು. ಈಗ್ಲೇ ಬಿಚ್ಚಿ ಕೊಟ್ಬುಡ್ತೀನಿ. ಬಗ್ಗು ಕುಸುಮ."

ಕುಸುಮ ಕೂಸಿನ ಸಮೇತ ತಲೆ ಬಗ್ಗಿಸುತ್ತಾಳೆ. ಬಸ್ಸು ಬಂದು ನಿಲ್ಲುತ್ತದೆ. "ಏನಮ್ಮೋ, ಕತ್ರಿ ತೋರ್ಸಿ ಬಸ್ಸು ಅಡ್ಡ ಆಕ್ತಿದ್ದೀಯಾ?" ಎಂದು ಕಂಡಕ್ಟರು ಕೂಗಿದರೂ ಯಾರೂ ನಗುವುದಿಲ್ಲ.

ಚೂಡಾಮಣಿ ಕತ್ತರಿಯ ಕೈಯನ್ನು ಹಿಡಿದುಕೊಳ್ಳುತ್ತಾರೆ. "ಈ ಚಳೀಲಿ ಬಾಣಂತಿ ಕಿವಿ ಬಿಚ್ಚಿಸ್ತೀಯಾ? ಬುದ್ಧಿ ಇದ್ಯಾ ನಿಂಗೆ?"

"ರವಿಕೆ ಬಿಗಿ ಆದಾಗ ಕಂಕುಳಿಗೆ ಕೊಡೋಕೆ ತುಂಡು ಬೇಕಲ್ರವ್ವ ನಿಮ್ಗೆ!"

"ಹಾಗಾದ್ರೆ ನಾನು ಇನ್ನು ದಪ್ಪ ಆಗೋ ಹಾಗಿಲ್ಲ, ಅಷ್ಟೇ ತಾನೆ? ಹತ್ತೇ ಕುಸುಮ."

ಈಗ ಇಡೀ ಬಸ್ಸೇ ನಗುತ್ತದೆ. ರವಿಕೆ ಇಸಿದುಕೊಂಡು ಚೂಡಾಮಣಿಯೂ ಹತ್ತುತ್ತಾರೆ. ಕಿಟಕಿಯಲ್ಲಿ ಗಿಳಿಹಸಿರು ಒಮ್ಮೆ ಕಂಡು ಮರೆಯಾಗುತ್ತದೆ. ಮಂಗಳಮ್ಮ ಅಲ್ಲೇ ಕಲ್ಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಉಸ್ರು ಬಂತು ನೋಡಣ್ಣ" ಎನ್ನುತ್ತಾರೆ.

ಒಂದು ವಾರದ ಮೇಲೆ ಮತ್ತೆ ಹೋದರೆ ಜಗುಲಿಯ ತುಂಬ ತುಂಡುಬಟ್ಟೆ. ಎಷ್ಟೋ ವರ್ಷಗಳಿಂದ ರವಿಕೆ ತೋಳಿನೊಳಗೆ ವಾಪಸು ಹೋದದ್ದನ್ನೆಲ್ಲ ಚೂಡಾಮಣಿ ಬೀರುವಿನಿಂದ ಹೊರತೆಗೆದು, ಬೀದಿಯಲ್ಲಿ ನಾಲ್ಕು ಜನರ ಎದುರೇ "ನೀನೇ ಇಟ್ಕೊ" ಎಂದು ಕೊಟ್ಟು ಹೋಗಿದ್ದಾರೆ.

ಮಂಗಳಮ್ಮ ಒಂದೊಂದನ್ನೇ ತೊಡೆಯ ಮೇಲಿಟ್ಟು, ಸುಕ್ಕು ನೀವಿ ಮಡಿಸುತ್ತಿದ್ದಾರೆ. "ನಾನ್ ಕೊಟ್ಟಿದ್ದು ಒಂದೂ ಕಮ್ಮಿ ಇಲ್ಲ ಕಣಣ್ಣ" ಎನ್ನುತ್ತಾರೆ. ಕೊನೆಯದನ್ನೂ ಮಡಿಸಿಟ್ಟು, "ನಮ್ಮಪ್ಪ ಇದ್ದಿದ್ರೆ ಕರ್ದು ತೋರಿಸ್ತಿದ್ದೆ."